ಕೊನೆಯ ಚೌಕ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಮಕ್ಕಳ ಪುಟದ ಕಾಮಿಕ್ಸ್ ಓದಿದ ನನ್ನ ಮೊಮ್ಮಗ ಹಾಳೆ ತಿರುಗಿಸಿ ಹಿಂದೆ ಹುಡುಕಿದ. ಕಳೆದುಹೋದ ನಾಯಿಯ ಕತೆ ಅದು. ಆರನೇ, ಅಂದರೆ ಕೊನೆಯ ಚಿತ್ರದ ಚೌಕದ ಒಂದು ಅಂಚು ಮಾತ್ರ ಕಾಣುತ್ತಿತ್ತು, ಉಳಿದ ಜಾಗದಲ್ಲಿ ಒಡವೆ ಅಂಗಡಿ ಜಾಹೀರಾತು. ಆ ಚೌಕದಲ್ಲಿ ಮಾತಿರಲಿಲ್ಲವೇನೋ, ಹೋದರೆ ಹೋಗಲಿ ಅಂತ ಪುಟ ಕಟ್ಟುವವರಿಗೆ ಅನ್ನಿಸಿರಬಹುದು. ಆದರೆ ಕಾಮಿಕ್ಸ್‌ನಲ್ಲಿ ಎಷ್ಟೋ ಸಲ ಮಾತಿಲ್ಲದ ಚೌಕಕ್ಕೇ ಕೆಲಸ ಜಾಸ್ತಿ.

ಇಲ್ಲಿ ಸೋಮವಾರಪೇಟೆ ಕಡೆ ಮಳೆ ಹಿಡಿಯಿತು ಅಂದರೆ ಕರೆಂಟು ಹೋಯಿತು ಅಂತಲೇ ಲೆಕ್ಕ. ಅವತ್ತು ಸಂಜೆ ಸುಮ್ನೆ ಕೂತಿದ್ದಾಗ ಹುಡುಗನಿಗೆ ಮೂರು ಚೌಕ ಗೀಚಿಕೊಟ್ಟೆ. ಮೊದಲನೆಯದರಲ್ಲಿ ಕಾಯಿ ತುಂಬಿದ ಹಲಸಿನ ಮರ. ಎರಡನೆಯದರಲ್ಲಿ ಕಾಫಿ ಗಿಡಗಳ ಮೇಲೆ ಒಂದು ಸೊಂಡಿಲು (ಹಾವಿನ ಹಾಗೆ ಬಂದಿತ್ತು, ಇರಲಿ). ಮೂರನೆಯದರಲ್ಲಿ ಬರಿದಾದ ಮರ, ಮುರಿದ ಬೇಲಿ, ಲದ್ದಿ. ‘ಆನೆ ಎಲ್ಲಾ ತಿಂದು ಹೋಯ್ತು ತಾತ’ ಅಂದ. ಆನೆ ತಿನ್ನುವುದನ್ನು ನಾನು ಬರೆದೇ ಇರಲಿಲ್ಲ! ಎರಡು ಚೌಕಗಳ ನಡುವಿನ ಕಡ್ಡಿಯಷ್ಟು ಬಿಳಿ ಜಾಗದಲ್ಲಿ ಆನೆಗೆ ಹಲಸು ತಿನ್ನಿಸಿದವನು ಅವನೇ. ಸಿನಿಮಾ ತನ್ನ ವೇಗಕ್ಕೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಇಲ್ಲಿ ಹಾಗಲ್ಲ, ಇಡೀ ಪುಟ ಕಣ್ಣೆದುರೇ ಬಿದ್ದಿರುತ್ತದೆ, ಅನುಮಾನ ಬಂದರೆ ಹಿಂದಿನ ಚೌಕಕ್ಕೆ ಹೋಗಿ ಬೇಲಿ ಆಗಲೇ ಮುರಿದಿತ್ತಾ ಅಂತ ನೋಡಿಕೊಂಡು ಬರಬಹುದು. ಅವನು ಹಾಗೇ ಮಾಡಿದ.

ಹೊತ್ತು ಇರುವುದೂ ಚೌಕದ ಅಳತೆಯಲ್ಲೇ ಅಲ್ವಾ? ಅಗಲವಾದದ್ದು ಬಂದರೆ ಕಣ್ಣು ನಿಲ್ಲುತ್ತದೆ, ಕಿರಿದಾದವು ಸಾಲಾಗಿ ಬಂದರೆ ಓಡುತ್ತದೆ. ನೀವು ಕಾಲಂಗೆ ಹೊಂದಿಸಲು ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸುತ್ತೀರಿ.

ಇಂಗ್ಲಿಷ್‌ನಿಂದ ತಂದ ಕಾಮಿಕ್ಸ್‌ನದ್ದು ಇನ್ನೊಂದು ಕತೆ. ಪಾತ್ರದ ಮಾತು ಬರೆಯುವ ಬಲೂನು ಅಷ್ಟೇ ಇರುತ್ತದೆ, ನಮ್ಮ ಮಾತು ಒತ್ತಕ್ಷರ ಸಮೇತ ಅದರಲ್ಲಿ ಹಿಡಿಸುವುದಿಲ್ಲ, ಆಗ ಅಕ್ಷರವನ್ನೇ ಇರುವೆ ಸಾಲಿನಂತೆ ಮಾಡುತ್ತೀರಿ. ಅದರ ಬದಲು ಎರಡು ಮಾತು ತೆಗೆಯಿರಿ, ಚಿತ್ರ ಹೇಳಿಕೊಳ್ಳುತ್ತದೆ. ಸದ್ದನ್ನಾದರೂ ಕನ್ನಡದಲ್ಲಿ ಕೊಡಿ. ಬಿದ್ದರೆ ದಬಕ್, ಮಳೆಗೆ ಧೋ ಅನ್ನುವ ನಮಗೆ ‘ಬೂಮ್’ ಯಾಕೆ?

ಮಕ್ಕಳ ಪುಟ ತಾನೇ ಅನ್ನಬೇಡಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥೆ ಶುರು ಮಾಡಿದರು. ಅದರಲ್ಲಿ ನೋಡಿದ ಕೃಷ್ಣನ ಮುಖವೇ ನನಗೆ ಇವತ್ತಿಗೂ ಕೃಷ್ಣ.

ಆ ಆರನೇ ಚೌಕವನ್ನು ಮುಂದಿನ ಭಾನುವಾರ ದಯವಿಟ್ಟು ಹಾಕಿ. ನಾಯಿ ಸಿಕ್ಕಿರುತ್ತದೆ ಅಂತ ಹುಡುಗ, ಇಲ್ಲ ಅಂತ ನಾನು. ಒಂದು ತಟ್ಟೆ ಕಡುಬಿನ ಪಂದ್ಯ ಕಟ್ಟಿದ್ದೇವೆ.

- ಒಬ್ಬ ಓದುಗ, ಸೋಮವಾರಪೇಟೆ, ಕೊಡಗು