ಆನೆಯೋ ಎಮ್ಮೆಯೋ ಅಂದವನು ನಾನೇ ಮೊದಲು

ಪ್ರೀತಿಯ ಪುಟ್ಟಿ,

ಮಣ್ಣಿನ ಆನೆ ಗೊಂಬೆಯ ಫೋಟೋಗಳನ್ನು ಒಂದೊಂದಾಗಿ ಜೋಡಿಸಿ, ಅದು ನಡೆಯುವ ಹಾಗೆ ನೀನು ಮಾಡಿದ್ದ ಆ ವಿಡಿಯೋವನ್ನು ನಿನ್ನೆ ರಾತ್ರಿ ತೆಗೆದುಹಾಕಿದ್ದು ಗೊತ್ತಾಯಿತು. ಅದಕ್ಕೂ ಮೊದಲು ಜನ ಆಡಿಕೊಂಡಿದ್ದನ್ನೆಲ್ಲ ನಾನೂ ಕೂತು ಓದಿದ್ದೆ. ನಿನ್ನ ಮಣ್ಣಿನ ಆನೆ ಕುಂಟುವ ಜಾಗವನ್ನಷ್ಟೇ ಕತ್ತರಿಸಿ, ಹಿಂದೆ ಒಂದು ಹಾಡು ಹಾಕಿ ಯಾರೋ ಹಂಚಿದ್ದರು. ಅದು ಒಂದು ಸೆಕೆಂಡು ನಡೆಯೋಕೆ 12 ಫೋಟೋ ಬೇಕು, ಒಂದೊಂದು ಫೋಟೋಗೂ ಕಾಲನ್ನು ಕೂದಲೆಳೆಯಷ್ಟು ಸರಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಗೋಕೆ ಏನು ಖರ್ಚು, ಹೇಳು.

ಆದರೆ ಅವರನ್ನು ಬೈಯೋಕೆ ನನಗೆ ಬಾಯಿಲ್ಲ. ಮೊದಲು ನಕ್ಕವನು ನಾನೇ ಅಲ್ವಾ. ನೀನು ಮೊದಲ ಗೊಂಬೆ ಅಂಗೈ ಮೇಲಿಟ್ಟುಕೊಂಡು ತಂದಾಗ, ಇದೇನು ಆನೆಯೋ ಎಮ್ಮೆಯೋ ಅಂದುಬಿಟ್ಟೆ, ಸುಮ್ನೆ ತಮಾಷೆಗೆ. ನೀನೂ ನಕ್ಕೆ. ಮಾರನೇ ದಿನದಿಂದ ಬಾಗಿಲು ಹಾಕಿಕೊಂಡು ಕೆಲಸ ಮಾಡೋಕೆ ಶುರು ಮಾಡಿದೆ. ಅದು ಯಾಕೆ ಅಂತ ನನಗೆ ಹೊಳೆದಿದ್ದು ನಿನ್ನೆ.

ರಾಬರ್ಟ್ ಗೊಡ್ಡಾರ್ಡ್ ಅಂತ ಅಮೆರಿಕದ ವಿಜ್ಞಾನಿ ಒಬ್ಬರಿದ್ದರು. ರಾಕೆಟ್ ಚಂದ್ರನವರೆಗೂ ಹೋಗಬಹುದು ಅಂತ ಬರೆದರು. 1920ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯದಲ್ಲೇ ಗೇಲಿ ಮಾಡಿತು: ಗಾಳಿಯೇ ಇಲ್ಲದ ಕಡೆ ರಾಕೆಟ್ ಏನನ್ನು ತಳ್ಳಿಕೊಂಡು ಹೋಗುತ್ತೆ, ಹೈಸ್ಕೂಲಿನಲ್ಲಿ ಕಲಿಸೋದೂ ಇವರಿಗೆ ಗೊತ್ತಿಲ್ಲ ಅನ್ನೋ ಧಾಟಿಯಲ್ಲಿ. ಗೊತ್ತಿಲ್ಲದಿದ್ದದ್ದು ಪತ್ರಿಕೆಗೆ. ರಾಕೆಟ್ ಗಾಳಿಯನ್ನು ತಳ್ಳೋದಿಲ್ಲ, ತಾನು ಹಿಂದಕ್ಕೆ ಉಗುಳುವ ಅನಿಲದ ಬಲದಿಂದಲೇ ಮುಂದೆ ಹೋಗುತ್ತೆ. ಪತ್ರಿಕೆ ತಪ್ಪು ಒಪ್ಪಿಕೊಂಡಿದ್ದು 1969ರ ಜುಲೈ 17ಕ್ಕೆ, ಮನುಷ್ಯರನ್ನು ಚಂದ್ರನ ಮೇಲಿಳಿಸೋಕೆ ಅಪೊಲೊ 11 ನೌಕೆ ಹೊರಟ ಮಾರನೇ ದಿನ. ಗೊಡ್ಡಾರ್ಡ್ 1945ರಲ್ಲೇ ತೀರಿಕೊಂಡಿದ್ದರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾರೆ. ನನ್ನನ್ನು ಕಾಡೋದು ನಡುವಿನ ವರ್ಷಗಳು. ಅವರು ಕೆಲಸ ಬಿಡಲಿಲ್ಲ, ಆದರೆ ಮುಚ್ಚಿಟ್ಟುಕೊಳ್ಳೋಕೆ ಶುರು ಮಾಡಿದರು. 1926ರಲ್ಲಿ ಅವರ ದ್ರವ ಇಂಧನದ ರಾಕೆಟ್ ಎರಡೂವರೆ ಸೆಕೆಂಡು ಹಾರಿತು, ಅಂಥದ್ದು ಜಗತ್ತಿನಲ್ಲೇ ಮೊದಲು. ಅದರ ವಿವರ ಅಚ್ಚಾಗಿ ಬಂದಿದ್ದು 1936ರಲ್ಲಿ! ಹತ್ತು ವರ್ಷ, ಬಾಗಿಲು ಹಾಕಿಕೊಂಡು.

ಹಾಗಂತ ಆಡಿಸಿಕೊಂಡವರೆಲ್ಲ ಗೊಡ್ಡಾರ್ಡ್ ಆಗೋದಿಲ್ಲ ಬಿಡು. ನಗೆಪಾಟಲಾಗಿ, ಆಮೇಲೆ ನಿಜಕ್ಕೂ ಮಕಾಡೆ ಮಲಗಿದ ಕೆಲಸಗಳೇ ಜಾಸ್ತಿ ಇರಬೇಕು, ಅವುಗಳ ಕಥೆ ಯಾರೂ ಹೇಳೋದಿಲ್ಲ ಅಷ್ಟೇ. ನಿನ್ನ ಆನೆ ಯಾವ ಸಾಲಿಗೆ ಸೇರುತ್ತೋ ನನಗೆ ಗೊತ್ತಿಲ್ಲ. ಆ ನಗುವವರಿಗೂ ಗೊತ್ತಿಲ್ಲ.

ಒಂದು ಮಾತ್ರ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡ. ಆನೆಗೆ ಜ್ವರ ಬಂದಿದೆಯಾ, ನೆರಳು ಯಾಕೆ ನಡುಗುತ್ತೆ ಅಂತ ಒಬ್ಬ ಕಿಚಾಯಿಸಿದ್ದನಲ್ಲ, ಅವನು ಪೋಲಿಯೇ ಇರಬಹುದು, ಆದರೆ ಕಣ್ಣು ಚುರುಕು. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಿಟಕಿಯ ಬಿಸಿಲು ಫೋಟೋದಿಂದ ಫೋಟೋಗೆ ಬದಲಾಗಿದೆ. ದಪ್ಪ ಪರದೆ ಹಾಕಿ, ಒಂದೇ ದೀಪ ಇಟ್ಟುಕೊಂಡರೆ ಸರಿಹೋಗಬಹುದು ಅನ್ಸುತ್ತೆ.

ಭಾನುವಾರ ನನಗೆ ಬೇರೆ ಕೆಲಸ ಇಲ್ಲ. ಪರದೆ ಕಟ್ಟಿಕೊಡುತ್ತೇನೆ. ಬಾಗಿಲು ತಟ್ಟಿಯೇ ಬರುತ್ತೇನೆ, ತೆಗಿ.

ನಿನ್ನ ಅಪ್ಪ