ನಡಿಗೆಯಲ್ಲಿ ಸಾವಧಾನವಿರಲಿ

ಮಾನ್ಯ ಸಂಪಾದಕರೇ,

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಅಡ್ಡಾಡುವವರಲ್ಲಿ ಬಹಳಷ್ಟು ಮಂದಿ, ಸೂರ್ಯ ಅರಬ್ಬಿ ಸಮುದ್ರಕ್ಕೆ ಇಳಿಯುತ್ತಿರುವಾಗಲೂ ಮೊಬೈಲಿನಿಂದ ಕಣ್ಣು ತೆಗೆಯದಿರುವುದನ್ನು ಕಂಡು ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ. ಇಂಥವರಿಗೆ ನೆರವಾಗಬಲ್ಲದ್ದು ಸಾವಧಾನತೆ (ಮೈಂಡ್‌ಫುಲ್‌ನೆಸ್), ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಮನಸ್ಸಿಟ್ಟು ಗಮನಿಸುವುದು. ಬೌದ್ಧ ಧ್ಯಾನದಲ್ಲಿ ಬೇರೂರಿರುವ ಈ ಅಭ್ಯಾಸವನ್ನು ವಿಜ್ಞಾನಿ ಜಾನ್ ಕಬತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗೆ ತರಬೇತಿಯಾಗಿ ಆರಂಭಿಸಿದರು. ಉಸಿರನ್ನು ಗಮನಿಸುತ್ತ ಕೂರುವುದಷ್ಟೇ ಅಲ್ಲ, ನಡೆಯುವಾಗ ಪಾದ ನೆಲಕ್ಕೆ ತಾಗುವುದನ್ನು ಅರಿಯುವುದೂ, ಅಲೆದಾಡಿದ ಮನಸ್ಸನ್ನು ಬೈಯದೆ ಮರಳಿ ಕರೆತರುವುದೂ ಈ ಅಭ್ಯಾಸದ ಭಾಗವೇ. ಹಣ, ಉಪಕರಣ ಯಾವುದೂ ಬೇಡದ ಇದಕ್ಕೆ ನಮ್ಮೂರಿನ ಒದ್ದೆ ಮರಳಿಗಿಂತ ಒಳ್ಳೆಯ ಜಾಗ ನನಗಂತೂ ತೋಚದು. ಮಳೆಗಾಲ ಮುಗಿದ ಮೇಲೆ ನಗರಸಭೆಯು ವಾರಕ್ಕೊಂದು ಮುಂಜಾನೆ, ತಿಳಿದವರ ಮಾರ್ಗದರ್ಶನದಲ್ಲಿ, ಮೊಬೈಲ್ ಇಲ್ಲದ ಇಂಥ ನಡಿಗೆಯನ್ನು ಏರ್ಪಡಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಕಾರವಾರ