ಕೊಡೆ ಹಿಡಿದು ಬಂದ ಸಿಸ್ಟರ್‌ಗೆ

ಹೋದ ಜುಲೈನಲ್ಲಿ ಸಿದ್ದಾಪುರದ ಹತ್ತಿರ ನಮ್ಮ ತೋಟದ ಕೆಲಸಗಾರರ ಲೈನ್ ಮನೆಗೆ ಬಂದಿದ್ದ ಸಿಸ್ಟರ್, ನಿಮ್ಮ ಹೆಸರು ಕೇಳೋದೇ ಮರೆತೆ. ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ, ಜೀಪು ಬರಲ್ಲ, ಒಂದೂವರೆ ವರ್ಷದ ಮಗಳಿಗೆ ಬೆಳಗ್ಗೆಯಿಂದ ಭೇದಿ, ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ. ನೀವು ಕೊಡೆ ಮಡಚಿ ಒಳಗೆ ಬಂದವರೇ, ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಅಂತ ಅವಳ ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ನೋಡಿದಿರಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪೊಟ್ಟಣ ಪೂರ್ತಿ ಸುರಿದು, ಚಮಚ ಚಮಚವಾಗಿ ಕುಡಿಸಿದಿರಿ. ವಾಂತಿ ಮಾಡಿದಳು, ನಾನು ಹೆದರಿದೆ. 'ಹತ್ತು ನಿಮಿಷ ಬಿಟ್ಟು ಮತ್ತೆ ಕೊಡೋಣಮ್ಮ' ಅಂದಿರಿ, ಅಷ್ಟೇ. ನಿಮ್ಮ ಕಾಲಿಗೆ ಜಿಗಣೆ ಕಚ್ಚಿ ರಕ್ತ ಇಳಿಯುತ್ತಿತ್ತು, ನೀವು ಆ ಕಡೆ ನೋಡಲೂ ಇಲ್ಲ. ಸಂಜೆ ಅವಳು ಉಚ್ಚೆ ಹೊಯ್ದಾಗ ನನಗೆ ಅಳು ಬಂತು, ನಗಬೇಡಿ! ಭೇದಿಗೆ ಕೊಟ್ಟ ಜಿಂಕ್ ಮಾತ್ರೆ 14 ದಿನವೂ ತಪ್ಪಿಸಲಿಲ್ಲ ಸಿಸ್ಟರ್. ತುಂಬಾ ಥ್ಯಾಂಕ್ಸ್. ಈಗ ಯಾರದೇ ಕೊಡೆ ಕಂಡರೂ ಬಾಗಿಲಿಗೆ ಓಡುತ್ತಾಳೆ.